ಮೊದಲು ನೀರು, ಆಮೇಲೆ ಎಣ್ಣೆ: ಅಲಿಝೆ ವಿಮಾನದ ಆರೈಕೆ

ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬ ಹತ್ತಿರವಾದಾಗ ಕೊಡಗಿನ ಮನೆಗಳಲ್ಲಿ ಕೋವಿ ಗೋಡೆಯಿಂದ ಕೆಳಗಿಳಿಯುತ್ತದೆ. ಮೂರು ತಿಂಗಳು ಮಳೆಗಾಳಿ ಕುಡಿದ ನಳಿಗೆಗೆ ಎಣ್ಣೆ ಹಾಕಬೇಕು ಎಂಬುದು ಎಲ್ಲರಿಗೂ ಗೊತ್ತು. ಹಳಬರು ಮಾತ್ರ ಎಣ್ಣೆಗೆ ಮುಂಚೆ ನಳಿಗೆಯೊಳಗೆ ಒಂದು ಚೊಂಬು ಕುದಿನೀರು ಹುಯ್ಯುತ್ತಿದ್ದರು. ನೋಡಿದವರು ನಗುವ ಕೆಲಸ, ಆದರೆ ಸರಿಯಾದ ಕೆಲಸ. ಹಳೆಯ ಕೇಪು, ಕರಿಮದ್ದು ಸುಟ್ಟ ಮೇಲೆ ಒಳಗೆ ಉಪ್ಪಿನಂಶ ಉಳಿಯುತ್ತದೆ. ಅದು ಗಾಳಿಯ ತೇವ ಎಳೆದುಕೊಂಡು ಉಕ್ಕನ್ನು ತಿನ್ನುತ್ತದೆ. ಉಪ್ಪು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ತೊಳೆಯದೆ ಎಣ್ಣೆ ಸವರಿದರೆ ಉಪ್ಪಿಗೆ ಕಂಬಳಿ ಹೊದಿಸಿದ ಹಾಗೆ. ಅದು ಒಳಗೆ ಬೆಚ್ಚಗೆ ಕೂತು ತನ್ನ ಕೆಲಸ ಮುಂದುವರಿಸುತ್ತದೆ.

ವಿಮಾನವಾಹಕ ನೌಕೆಯ ಮೇಲೆ, ಸಬ್‌ಮೆರೀನ್ ಹುಡುಕುವ ಅಲಿಝೆ ವಿಮಾನ ನೋಡಿಕೊಂಡ ನಮ್ಮಂಥ ಮೆಕ್ಯಾನಿಕ್‌ಗಳ ದಿನಚರಿ ಪೂರ್ತಿ ಈ ಒಂದು ಮಾತಿನ ಸುತ್ತಲೇ ತಿರುಗುತ್ತಿತ್ತು. ಕೊಡಗಿನಲ್ಲಿ ಮಿಲಿಟರಿ ಎಂದರೆ ಜನ ಭೂಸೇನೆ ಎಂದುಕೊಳ್ಳುತ್ತಾರೆ, ವಿಮಾನ ಎಂದರೆ ಏರ್‌ಫೋರ್ಸ್ ಎಂದುಕೊಳ್ಳುತ್ತಾರೆ. ನೌಕಾಪಡೆಗೂ ವಿಮಾನ ಇದೆ, ಅದಕ್ಕೂ ಮೆಕ್ಯಾನಿಕ್‌ಗಳಿದ್ದಾರೆ ಎಂದು ವಿವರಿಸುವುದರಲ್ಲೇ ಅರ್ಧ ಕಾಫಿ ಮುಗಿಯುತ್ತದೆ. ಆ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ವಿಮಾನ ಡೆಕ್ಕಿಗೆ ಇಳಿದ ಕ್ಷಣದಿಂದ ಮತ್ತೆ ಏರುವ ತನಕ ಬರೆದಿಡುವುದು ಇಲ್ಲಿನ ಉದ್ದೇಶ.

ಅಲಿಝೆ ಫ್ರಾನ್ಸಿನ ಬ್ರೆಗೆ ಕಂಪನಿಯದು. ಮೊದಲು ಹಾರಿದ್ದು 1956ರ ಅಕ್ಟೋಬರ್ 6ರಂದು. ಹೆಸರಿನ ಅರ್ಥ ವಾಣಿಜ್ಯ ಮಾರುತ. 1961ರ ಮಾರ್ಚ್ 4ರಂದು ಬೆಲ್‌ಫಾಸ್ಟ್‌ನಲ್ಲಿ ನಮ್ಮ ವಿಮಾನವಾಹಕ ನೌಕೆ ವಿಕ್ರಾಂತ ಸೇವೆಗೆ ಸೇರಿತು. ಅದೇ ತಿಂಗಳ 21ರಂದು ಫ್ರಾನ್ಸಿನ ಇಯೇರ್‌ನಲ್ಲಿ ನಮ್ಮ 310ನೇ ಸ್ಕ್ವಾಡ್ರನ್, ಅಂದರೆ ‘ಕೋಬ್ರಾ’ಗಳು, ಈ ವಿಮಾನದೊಂದಿಗೆ ಆರಂಭವಾಯಿತು. ಒಳಗೆ ಮೂವರು ಕೂರುತ್ತಾರೆ. ಮೂತಿಯಲ್ಲಿ ಒಂದೇ ಎಂಜಿನ್, ರೋಲ್ಸ್ ರಾಯ್ಸ್ ಡಾರ್ಟ್ ಟರ್ಬೋಪ್ರಾಪ್, ಅಂದರೆ ಟರ್ಬೈನಿನ ಬಲದಿಂದ ಪ್ರೊಪೆಲ್ಲರ್ ತಿರುಗಿಸುವಂಥದ್ದು. ಉದ್ದ 13.86 ಮೀಟರ್. ರೆಕ್ಕೆ ಬಿಚ್ಚಿದರೆ ಅಗಲ 15.60 ಮೀಟರ್, ಮಡಚಿದರೆ 7. ಖಾಲಿ ತೂಕ 5,700 ಕೆ.ಜಿ., ತುಂಬಿಕೊಂಡು ಏರುವಾಗ ಹೆಚ್ಚೆಂದರೆ 8,200. ಒಂದು ಸಲ ಏರಿದರೆ ಐದು ಗಂಟೆ ಗಾಳಿಯಲ್ಲಿ ಇರಬಲ್ಲದು.

ಆ ಐದು ಗಂಟೆ ಎಲ್ಲಿ ಕಳೆಯುತ್ತದೆ ಎಂಬುದೇ ನಮ್ಮ ತಲೆನೋವು. ಸಬ್‌ಮೆರೀನ್ ಹುಡುಕುವ ವಿಮಾನ ಮೋಡದ ಮೇಲೆ ತೇಲುವುದಿಲ್ಲ. ಅಲೆಯ ಮೇಲೆ ಒಂದು ಗೇಣು ಕಾಣುವ ಪೆರಿಸ್ಕೋಪನ್ನೋ, ಡೀಸೆಲ್ ಎಂಜಿನ್ನಿಗೆ ಗಾಳಿ ಎಳೆಯುವ ಸ್ನಾರ್ಕೆಲ್ ಕೊಳವೆಯನ್ನೋ ಹುಡುಕಿಕೊಂಡು ತಗ್ಗಿನಲ್ಲೇ ಸುತ್ತುತ್ತದೆ. ಅಲ್ಲಿನ ಗಾಳಿಯಲ್ಲಿ ಉಪ್ಪಿನ ಹನಿ ಮಂಜಿನಂತೆ ತುಂಬಿರುತ್ತದೆ. ಎಂಜಿನ್ ಅದನ್ನೇ ಉಸಿರಾಡುತ್ತದೆ, ಮೈಯೂ ಅದರಲ್ಲೇ ಮೀಯುತ್ತದೆ. ವಾಪಸು ಬಂದರೆ ಮನೆಯೂ ಸಮುದ್ರದ ನಡುವೆಯೇ.

ವಿಮಾನ ಇಳಿದು, ಬಾಲದ ಹುಕ್ ಡೆಕ್ಕಿಗೆ ಅಡ್ಡ ಕಟ್ಟಿದ ತಂತಿ ಹಿಡಿದು ನಿಂತಾಗ ನಮ್ಮ ಮೊದಲ ಕೆಲಸ ಕಿವಿಯದು. ಡಾರ್ಟ್ ಎಂಜಿನ್ನಿನ ಸಿಳ್ಳೆ ಕೇಳಿದವರು ಮರೆಯುವುದಿಲ್ಲ. ಒಳಗಿನ ಶಾಫ್ಟು ಪೂರ್ತಿ ವೇಗದಲ್ಲಿ ನಿಮಿಷಕ್ಕೆ 15,000 ಸುತ್ತು, ಅಂದರೆ ಸೆಕೆಂಡಿಗೆ 250. ಗೇರ್‌ಬಾಕ್ಸ್ ಅದನ್ನು ಇಳಿಸಿ ಪ್ರೊಪೆಲ್ಲರಿಗೆ ಸುಮಾರು 1,400 ಕೊಡುತ್ತದೆ. ಇಂಧನ ಕಡಿದ ಮೇಲೆ ಆ ಸಿಳ್ಳೆ ಒಂದೇ ಸಮನೆ ಇಳಿದು, ಪ್ರೊಪೆಲ್ಲರ್ ಸೋಮಾರಿಯಾಗಿ ತಿರುಗಿ ನಿಲ್ಲಬೇಕು. ನಿಲ್ಲುವ ಹೊತ್ತು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಎಲ್ಲೋ ಉಜ್ಜುತ್ತಿದೆ ಎಂದರ್ಥ. ಬೇರಿಂಗ್ ಇರಬಹುದು, ಟರ್ಬೈನಿನ ಅಲಗು ಸುತ್ತಲ ಉಂಗುರಕ್ಕೆ ತಾಗುತ್ತಿರಬಹುದು. ಕಾಫಿ ಪಲ್ಪರ್ ನಿಲ್ಲಿಸಿದಾಗ ಚಕ್ರ ಎಷ್ಟು ಹೊತ್ತು ತಿರುಗುತ್ತದೆ ಎಂದು ನೋಡಿ ಬೇರಿಂಗಿನ ಸ್ಥಿತಿ ಹೇಳುವ ಮೇಸ್ತ್ರಿಗಳು ನಮ್ಮಲ್ಲೂ ಇದ್ದಾರೆ. ಲೆಕ್ಕ ಒಂದೇ.

ಆಮೇಲೆ ರೆಕ್ಕೆ ಮಡಚುವುದು, ಚಕ್ರಕ್ಕೆ ಅಡ್ಡಗಟ್ಟೆ, ಮೈಗೆ ಸರಪಳಿ. ಹಡಗು ಯಾವಾಗ ವಾಲುತ್ತದೆ ಎಂದು ಯಾರೂ ಮುಂಚಿತವಾಗಿ ಹೇಳುವುದಿಲ್ಲ. ಆದ್ದರಿಂದ ಅಡ್ಡಗಟ್ಟೆ ಕೂತು ಸರಪಳಿ ಬಿಗಿಯುವ ತನಕ ಯಾರೂ ಏಣಿ ತರಬಾರದು.

ಎಣ್ಣೆಯ ಮಟ್ಟವನ್ನು ಎಂಜಿನ್ ನಿಂತ ಸ್ವಲ್ಪ ಹೊತ್ತಿನಲ್ಲೇ ನೋಡಬೇಕು. ಡಾರ್ಟ್‌ನ ಎಣ್ಣೆ ಟ್ಯಾಂಕ್ ಬೇರೆಲ್ಲೋ ಇಲ್ಲ, ಮುಂದಿನ ಗಾಳಿಬಾಯಿಯ ಎರಕದ ಒಳಗೇ ಸುತ್ತಲೂ ಇದೆ. ರಾತ್ರಿಯೆಲ್ಲ ನಿಂತರೆ ಎಣ್ಣೆ ನಿಧಾನವಾಗಿ ಎಂಜಿನ್ನಿನ ತಳಕ್ಕೆ ಇಳಿಯುತ್ತದೆ. ಬೆಳಗ್ಗೆ ನೋಡಿದವನಿಗೆ ಮಟ್ಟ ಕಡಿಮೆ ಕಾಣುತ್ತದೆ, ಅವನು ಮೇಲಿಂದ ತುಂಬುತ್ತಾನೆ. ಎಂಜಿನ್ ಶುರುವಾದ ಕೂಡಲೇ ಹಳೆಯ ಎಣ್ಣೆಯೂ ಮೇಲೆ ಬಂದು ಉಕ್ಕಿ ಹೊರಚೆಲ್ಲುತ್ತದೆ. ಎಣ್ಣೆ ಸೋರುತ್ತಿದೆ ಎಂದು ಬರೆದುಕೊಂಡು ಸೀಲು ಹುಡುಕುತ್ತಾ ಕೂತವರು ಎಷ್ಟೋ ಜನ. ಸೀಲು ಸರಿಯಾಗಿಯೇ ಇರುತ್ತದೆ, ತಪ್ಪಿದ್ದು ಎಣ್ಣೆ ನೋಡಿದ ಹೊತ್ತು.

ಇನ್ನು ತೊಳೆಯುವುದು. ಇದೇ ಮುಖ್ಯ ಕೆಲಸ, ಅದಕ್ಕೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಭಾಗಮಂಡಲದಲ್ಲಿ ನೀರಿಗೆ ಬೆಲೆ ಇಲ್ಲ, ಆಷಾಢದಲ್ಲಿ ಬೇಡವೆಂದರೂ ಅಂಗಳಕ್ಕೆ ಬರುತ್ತದೆ. ಹಡಗಿನಲ್ಲಿ ಸಿಹಿನೀರು ಎಂದರೆ ಸಮುದ್ರದ ನೀರನ್ನು ಹಬೆ ಮಾಡಿ ಮತ್ತೆ ಇಳಿಸಿದ್ದು. ಅದೇ ನೀರು ಬಾಯ್ಲರಿಗೆ, ಅಡುಗೆಗೆ, ಕುಡಿಯಲು, ಸ್ನಾನಕ್ಕೆ. ಕೆಟಪಲ್ಟ್, ಅಂದರೆ ಹಬೆಯ ಬಲದಿಂದ ವಿಮಾನವನ್ನು ಡೆಕ್ಕಿನಿಂದ ಎಸೆಯುವ ಯಂತ್ರ, ಒಂದು ವಿಮಾನ ಎಸೆದಾಗ ಹೋಗುವ ಹಬೆಯೂ ಅದೇ ನೀರು. ಹಾಗಾಗಿ ತೊಳೆಯುವ ಪಾಳಿಯವರ ಕೈಗೆ ಸಿಗುವುದು ಅಳತೆಯ ನೀರು. ಮೊದಲ ಪಾಲು ಎಂಜಿನ್ನಿಗೆ, ಉಳಿದದ್ದು ಮೈಗೆ. ನೀರು ಕಡಿಮೆ ಇದ್ದರೆ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ, ಎಂಜಿನ್ ಮಾತ್ರ ಬಿಡುವಂತಿಲ್ಲ.

ಯಾಕೆಂದರೆ ಡಾರ್ಟ್ ಗಾಳಿಯನ್ನು ಎರಡು ಹಂತದಲ್ಲಿ ಒತ್ತುತ್ತದೆ. ಒಂದರ ಹಿಂದೆ ಒಂದು, ಎರಡು ಇಂಪೆಲ್ಲರ್‌ಗಳು. ಆಕಾರದಲ್ಲಿ ನೀರಿನ ಪಂಪಿನ ಇಂಪೆಲ್ಲರ್‌ನ ಅಣ್ಣಂದಿರು ಎನ್ನಬಹುದು. ಒತ್ತಿದ ಗಾಳಿ ಏಳು ದಹನ ಡಬ್ಬಿಗಳಿಗೆ ಹೋಗುತ್ತದೆ. ಉಪ್ಪಿನ ಹನಿ ಇಂಪೆಲ್ಲರ್ ಮೇಲೆ ಒಣಗಿ ಹಕ್ಕಳೆಯಾಗುತ್ತದೆ. ಗಾಳಿಯ ದಾರಿ ಕಿರಿದಾಗುತ್ತದೆ, ಅಲಗಿನ ನಯ ಹೋಗುತ್ತದೆ. ಪೈಲಟ್ ಬಂದು ಹೇಳುವ ಮಾತು ಒಂದೇ: ಅದೇ ಆರ್‌ಪಿಎಂನಲ್ಲಿ ಟಾರ್ಕ್ (ತಿರುಗಿಸುವ ಬಲ) ಕಡಿಮೆ, ತಾಪ ಜಾಸ್ತಿ. ಗೇಜು ಕೆಟ್ಟಿದೆಯೋ ಎಂದು ಹುಡುಕುವ ಮುಂಚೆ ತೊಳೆದು ನೋಡಬೇಕು. ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ತೊಳೆಯದೆ ಬಿಟ್ಟರೆ ಹಕ್ಕಳೆಯ ಕೆಳಗೆ ಲೋಹ ಗುಳಿ ಬೀಳುತ್ತದೆ. ಸೆಕೆಂಡಿಗೆ 250 ಸುತ್ತು ತಿರುಗುವ ವಸ್ತುವಿನಲ್ಲಿ ಸಾಸಿವೆಯಷ್ಟು ಗುಳಿಯೂ ಬಿರುಕಿಗೆ ಬಾಗಿಲು.

ಕ್ರಮ ಹೀಗೆ. ಎಂಜಿನ್ ಆರಬೇಕು. ಬಿಸಿ ಟರ್ಬೈನಿಗೆ ತಣ್ಣೀರು ಬಿದ್ದರೆ ಬಿಸಿ ಕಾವಲಿಗೆ ನೀರೆರಚಿದ ಹಾಗೆ, ಎರಕ ಸೊಟ್ಟಗಾಗಬಹುದು ಅಥವಾ ಸೀಳಬಹುದು. ಇಂಧನದ ಕಾಕ್ ಮುಚ್ಚಿದೆಯೇ ನೋಡಬೇಕು. ಕಿಡಿ ಕೊಡುವ ಇಗ್ನಿಷನ್ ವಯರಿನ ಬ್ರೇಕರ್ ಎಳೆದು ಅದಕ್ಕೆ ಕೆಂಪು ಚೀಟಿ ಕಟ್ಟಬೇಕು. ಎಂಜಿನ್ನಿನಿಂದ ಬೇರೆ ಕೆಲಸಕ್ಕೆ ಗಾಳಿ ಕದಿಯುವ ಕೊಳವೆಗಳ ಕವಾಟ ಮುಚ್ಚಬೇಕು, ಇಲ್ಲವಾದರೆ ನೀರು ಅಲ್ಲಿಗೂ ನುಗ್ಗುತ್ತದೆ. ಒಬ್ಬ ಕಾಕ್‌ಪಿಟ್‌ನಲ್ಲಿ, ಒಬ್ಬ ಮುಂದೆ ನೀರಿನ ನಳಿಕೆ ಹಿಡಿದು, ಒಬ್ಬ ಇಬ್ಬರಿಗೂ ಕಾಣುವಂತೆ ಬದಿಯಲ್ಲಿ. ಈ ಮೂರನೆಯವನೇ ಯಜಮಾನ, ಅವನ ಕೈ ಏಳದೆ ಸ್ಟಾರ್ಟರ್ ಒತ್ತುವಂತಿಲ್ಲ. ಸ್ಟಾರ್ಟರ್ ಮೋಟಾರಿನಿಂದ ಎಂಜಿನ್ ಸುಮ್ಮನೆ ತಿರುಗುವಾಗ ಗಾಳಿಬಾಯಿಗೆ ನೀರು ಸಿಂಪಡಿಸುತ್ತೇವೆ. ನಿಂತ ಎಂಜಿನ್ನಿಗೆ ನೀರು ಹೊಡೆದರೆ ಪ್ರಯೋಜನವಿಲ್ಲ, ಮುಂದಿನ ಅಲಗಿನ ಮುಖ ಒದ್ದೆಯಾಗಿ ತಳಕ್ಕೆ ಇಳಿಯುತ್ತದೆ ಅಷ್ಟೆ. ತಿರುಗುವಾಗಲೇ ನೀರು ಎಲ್ಲ ಸಂದಿಗೂ ಎಸೆಯಲ್ಪಡುತ್ತದೆ.

ಇಲ್ಲಿ ಕೆಡುವುದು ಸ್ಟಾರ್ಟರ್. ಅದು ಎಂಜಿನ್ನನ್ನು ಒಂದು ಸಲ ಎಬ್ಬಿಸಲು ಇರುವ ಮೋಟಾರು, ಹೊತ್ತುಗಟ್ಟಲೆ ತಿರುಗಿಸಲು ಅಲ್ಲ. ತಿರುಗಿಸಿದಷ್ಟು ಸಲ ಆರಲು ಬಿಡಬೇಕು. ಅವಸರದ ಪಾಳಿಯಲ್ಲಿ ಆರುವ ಹೊತ್ತನ್ನು ನುಂಗುತ್ತಾರೆ. ನಾಲ್ಕನೆಯ ಸಲಕ್ಕೆ ಸುಟ್ಟ ವಾರ್ನಿಷ್ ವಾಸನೆ ಬರುತ್ತದೆ. ನೀರು ಉಳಿಸಿದ್ದಾಯಿತು, ಮೋಟಾರು ಹೋಯಿತು.

ತೊಳೆದದ್ದು ಸಾಕೇ ಎಂದು ತಿಳಿಯಲು ಕಣ್ಣು ಸಾಲದು. ಎಂಜಿನ್ನಿನ ತಳದಿಂದ ಇಳಿಯುವ ನೀರನ್ನು ಒಂದು ಗಾಜಿನ ಕೊಳವೆಯಲ್ಲಿ ಹಿಡಿದು ಸಿಲ್ವರ್ ನೈಟ್ರೇಟ್ ದ್ರಾವಣದ ಒಂದು ಹನಿ ಬಿಟ್ಟರೆ ಉತ್ತರ ಸಿಗುತ್ತದೆ. ಉಪ್ಪಿದ್ದರೆ ಹನಿ ಬಿದ್ದಲ್ಲಿಂದ ಹಾಲು ಒಡೆದಂತೆ ಬಿಳಿ ಎಳೆ ಇಳಿಯುತ್ತದೆ. ಎರಡನೆಯ ಸುತ್ತಿನ ನೀರಿನಲ್ಲಿ ಬರೀ ಮಬ್ಬು. ಮೂರನೆಯದರಲ್ಲಿ ಏನೂ ಕಾಣದಿದ್ದರೆ ನಿಲ್ಲಿಸಬಹುದು. ಹನಿ ಬೆರಳಿಗೆ ತಾಗಿದರೆ ಕಪ್ಪು ಕಲೆ ವಾರಗಟ್ಟಲೆ ಹೋಗುವುದಿಲ್ಲ. ಕೈ ನೋಡಿಯೇ ಯಾರು ಆ ವಾರ ತೊಳೆಯುವ ಪಾಳಿ ಎಂದು ಹೇಳಬಹುದು.

ತೊಳೆದ ಎಂಜಿನ್ನನ್ನು ಹಾಗೇ ಬಿಡುವುದು ತೊಳೆಯದೆ ಬಿಡುವುದಕ್ಕಿಂತ ಕೆಟ್ಟದ್ದು. ಚಾಲೂ ಮಾಡಿ ಕೆಲವು ನಿಮಿಷ ಓಡಿಸಿ ಒಳಗೆಲ್ಲ ಒಣಗಿಸಬೇಕು. ಆದರೆ ಡೆಕ್ ಮೇಲೆ ಎಂಜಿನ್ ಓಡಿಸಲು ಅನುಮತಿ ಬೇಕು, ಜಾಗ ಬೇಕು, ಹಿಂದೆ ಯಾರೂ ಇರಬಾರದು. ಸಿಗದ ದಿನ ಸ್ಟಾರ್ಟರಿನಿಂದಲೇ ತಿರುಗಿಸಿ ನೀರು ಹೊರಹಾಕಿ, ಆ ಮೇಲೆ ತುಕ್ಕು ತಡೆಯುವ ಎಣ್ಣೆಯನ್ನು ಮಂಜಿನಂತೆ ಸಿಂಪಡಿಸಿ ಗಾಳಿಬಾಯಿಗೆ ಮುಚ್ಚಳ ಹಾಕುತ್ತೇವೆ. ನೀರಾದ ಮೇಲೆ ಎಣ್ಣೆ, ಕೋವಿಯ ಲೆಕ್ಕವೇ.

ಮೈ ತೊಳೆಯುವಾಗ ಸೋಪು ನೀರನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಬೇಕು, ಜಾಲಿಸುವುದು ಮೇಲಿನಿಂದ ಕೆಳಕ್ಕೆ. ಮೇಲಿಂದ ಸೋಪು ಹಚ್ಚಿದರೆ ಒಣ ಮೈಮೇಲೆ ಇಳಿದ ಗೆರೆಗಳು ಅಲ್ಲೇ ಕೂರುತ್ತವೆ. ಗಾಳಿಯ ವೇಗ, ಎತ್ತರ ಅಳೆಯುವ ಪಿಟೋ ಕೊಳವೆ ಮತ್ತು ಪಕ್ಕದ ಸಣ್ಣ ರಂಧ್ರಗಳಿಗೆ ನೀರು ಹೋಗಬಾರದು, ಮುಚ್ಚಬೇಕು. ಮುಚ್ಚಿದ್ದನ್ನು ತೆಗೆಯಲು ಮರೆಯುವುದು ಈ ವೃತ್ತಿಯ ಹಳೆಯ ಪಾಪ. 1996ರ ಅಕ್ಟೋಬರ್‌ನಲ್ಲಿ ಪೆರು ದೇಶದ ಒಂದು ಬೋಯಿಂಗ್ 757 ತೊಳೆಯುವಾಗ ಅಂಟಿಸಿದ ಟೇಪು ಉಳಿದು, ರಾತ್ರಿ ಎತ್ತರ ತಿಳಿಯದೆ ಸಮುದ್ರಕ್ಕೆ ಬಿದ್ದು 70 ಜನ ಸತ್ತರು. ಆದ್ದರಿಂದ ಮೈಯ ಬಣ್ಣದ ಟೇಪು ಯಾವತ್ತೂ ಬೇಡ. ಕಣ್ಣಿಗೆ ಚುಚ್ಚುವ ಬಣ್ಣ, ಉದ್ದ ಬಾಲ, ಎಣಿಸಿ ಹಾಕಿ ಎಣಿಸಿ ತೆಗೆಯುವುದು, ಬೇರೊಬ್ಬ ನೋಡಿ ಸಹಿ ಹಾಕುವುದು.

ನೀರು ನಿಲ್ಲುವ ಜಾಗಗಳು ವಿಮಾನಕ್ಕೊಂದೊಂದು ಇರುತ್ತವೆ. ಅಲಿಝೆಯಲ್ಲಿ ರೆಕ್ಕೆ ಮಡಚುವ ಕೀಲು, ಹೊಟ್ಟೆಯಲ್ಲಿ ರೇಡಾರ್ ಗುಮ್ಮಟ ಒಳಸೇರುವ ಗುಳಿ, ಹುಕ್ ಕೂರುವ ಜಾಗ, ಬ್ಯಾಟರಿಯ ಕೆಳಗಿನ ತಟ್ಟೆ. ಪ್ರತಿ ತಗ್ಗಿಗೂ ಕೆಳಗೆ ಒಂದು ಸಣ್ಣ ರಂಧ್ರ ಇರುತ್ತದೆ, ನೀರು ಇಳಿದು ಹೋಗಲಿ ಎಂದು. ಗ್ರೀಸು, ಧೂಳು, ಹಳೆಯ ಪೇಂಟು ಸೇರಿ ಅದನ್ನೇ ಮುಚ್ಚುತ್ತವೆ. ಬೆಂಕಿಕಡ್ಡಿಯ ಗಾತ್ರದ ಮರದ ಕಡ್ಡಿ ತೂರಿಸಿ ನೋಡುವುದು ಕೆಲಸ. ತಂತಿ ತೂರಿಸಬಾರದು, ಅಂಚಿನ ಪೇಂಟು ಕೆರೆದು ತುಕ್ಕಿಗೆ ನಾವೇ ದಾರಿ ಮಾಡಿಕೊಟ್ಟಂತೆ. ಕೀಲಿನಲ್ಲಿ ಹಾದುಹೋಗುವ ವಿದ್ಯುತ್ ವಯರುಗಳನ್ನು ಕನೆಕ್ಟರಿಗೆ ಮುಂಚೆ ಕೆಳಕ್ಕೆ ಒಂದು ಬಳುಕು ಕೊಟ್ಟು ಕಟ್ಟಬೇಕು. ಕಂಬದಿಂದ ಮನೆಗೆ ಬರುವ ಸರ್ವಿಸ್ ವಯರಿಗೆ ಲೈನ್‌ಮನ್ ಬಿಡುವ ಬಳುಕೇ ಅದು. ಹರಿದ ನೀರು ಅಲ್ಲಿ ತೊಟ್ಟಿಕ್ಕುತ್ತದೆ, ಒಳಗೆ ಹೋಗುವುದಿಲ್ಲ. ಬಳುಕಿಲ್ಲದೆ ಬಿಗಿದು ಕಟ್ಟಿದ ಕನೆಕ್ಟರಿನ ಪಿನ್ನು ಕೆಲವೇ ದಿನದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ.

ಎರಡು ಲೋಹ ಸೇರಿದಲ್ಲಿ ಏನಾಗುತ್ತದೆ ಎಂಬುದನ್ನು ಕೊಡಗಿನ ತೋಟದವರಿಗೆ ವಿವರಿಸುವುದು ಸುಲಭ. ಕರಿಮೆಣಸಿಗೆ ಸಿಂಪಡಿಸಲು ಶೇ. 1ರ ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ ಹಾಕಿ, ಕೊನೆಗೆ ಉಜ್ಜಿದ ಕತ್ತಿ ಅದ್ದಿ ನೋಡುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಆ ಕೆಂಪು ಬರುವುದು ಕತ್ತಿಯ ಕಬ್ಬಿಣ ಕರಗಿ ತಾಮ್ರಕ್ಕೆ ಜಾಗ ಬಿಟ್ಟಿದ್ದರಿಂದ. ಮೈಲುತುತ್ತವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸಬೇಡಿ ಎನ್ನುವುದೂ ಇದಕ್ಕೇ. ವಿಮಾನದಲ್ಲಿ ಉಕ್ಕಿನ ಬೋಲ್ಟು, ಅಲ್ಯೂಮಿನಿಯಂ ಹಾಳೆ, ನಡುವೆ ಉಪ್ಪುನೀರು. ಸೋಲುವುದು ಅಲ್ಯೂಮಿನಿಯಂ. ಬೋಲ್ಟಿಗೆ ಕ್ಯಾಡ್ಮಿಯಂ ಲೇಪ ಕೊಟ್ಟಿರುವುದು ಈ ಜಗಳ ತಣ್ಣಗಿಡಲು, ಏಕೆಂದರೆ ಕ್ಯಾಡ್ಮಿಯಂ ಮತ್ತು ಅಲ್ಯೂಮಿನಿಯಂ ನಡುವೆ ಅಂಥ ವೈರವಿಲ್ಲ.

ಆ ಲೇಪ ಕೆರೆಯುವವರು ಯಾರು? ನಾವೇ. ವಿಮಾನ ಫ್ರೆಂಚ್, ಮಿಲಿಮೀಟರ್ ಲೆಕ್ಕ. ಎಂಜಿನ್ ಇಂಗ್ಲಿಷ್, ಇಂಚಿನ ಲೆಕ್ಕ. ಅರ್ಧ ಇಂಚು ಎಂದರೆ 12.7 ಮಿ.ಮೀ. ಆ ತಲೆಗೆ 13ರ ಸ್ಪ್ಯಾನರ್ ಕೂರುತ್ತದೆ, ತಿರುಗುತ್ತದೆ, ಬಿಚ್ಚುತ್ತದೆ ಕೂಡ. 0.3 ಮಿ.ಮೀ. ಸಡಿಲದಲ್ಲಿ ಮೂಲೆ ದುಂಡಾಗುತ್ತದೆ, ಲೇಪ ಏಳುತ್ತದೆ. ಮುಂದಿನ ಸಲ ಬಿಚ್ಚುವವನಿಗೆ ಕೆಂಪು ತುಕ್ಕಿನ ಗುಂಡುತಲೆ ಸಿಗುತ್ತದೆ. ಎರಡು ಬೇರೆ ಪೆಟ್ಟಿಗೆ, ಎರಡು ಬೇರೆ ಬಣ್ಣದ ಪಟ್ಟಿ, ಪ್ರತಿ ಸ್ಪ್ಯಾನರಿಗೂ ಹಲಗೆಯ ಮೇಲೆ ಅದರದೇ ಆಕಾರದ ನೆರಳು. ಪಾಳಿ ಮುಗಿದಾಗ ಒಂದು ನೆರಳು ಖಾಲಿ ಇದ್ದರೆ ಆ ವಿಮಾನ ಹಾರುವುದಿಲ್ಲ, ಸ್ಪ್ಯಾನರ್ ಸಿಗುವ ತನಕ ಯಾರೂ ಮಲಗುವುದೂ ಇಲ್ಲ.

ಅಲ್ಯೂಮಿನಿಯಂ ತಿನ್ನಲ್ಪಟ್ಟದ್ದು ಪೇಂಟಿನ ಕೆಳಗೆ ಗುಳ್ಳೆಯಾಗಿ ಕಾಣುತ್ತದೆ. ಉಗುರಿನಿಂದ ಒತ್ತಿದರೆ ಒಳಗೆ ಬಿಳಿ ಹಿಟ್ಟು. ಇದನ್ನು ತಂತಿ ಬ್ರಷ್ಷಿನಿಂದಲೋ ಉಕ್ಕಿನ ನಾರಿನಿಂದಲೋ ಉಜ್ಜುವುದು ದೊಡ್ಡ ತಪ್ಪು. ಕಬ್ಬಿಣದ ಕಣ ಮೆತ್ತನೆಯ ಲೋಹದಲ್ಲಿ ಹೂತು ಹೊಸ ಜಗಳ ಶುರು. ಅಲ್ಯೂಮಿನಿಯಂ ನಾರು ಅಥವಾ ಉಜ್ಜುಕಾಗದದಿಂದ ಹಿಟ್ಟು ಪೂರ್ತಿ ಹೋಗುವ ತನಕ ತೆಗೆದು, ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ನೋಡಿ, ಗುಳಿಯ ಅಂಚನ್ನು ತಟ್ಟೆಯಂತೆ ಇಳಿಜಾರು ಮಾಡಿ, ಆಳವನ್ನು ಡಯಲ್ ಗೇಜಿನಲ್ಲಿ ಅಳೆಯಬೇಕು. ಕೈಪಿಡಿಯ ಮಿತಿ ದಾಟಿದ್ದರೆ ತೇಪೆ ಅಥವಾ ಹೊಸ ಹಾಳೆ. ದಾಟದಿದ್ದರೆ ಅಲೋಕ್ರೋಮ್ ಎಂಬ, ಅಲ್ಯೂಮಿನಿಯಂ ಕಾಯುವ ರಾಸಾಯನಿಕ ದ್ರವ ಹಚ್ಚುತ್ತೇವೆ. ಬರೀ ಲೋಹ ಎರಡು ಮೂರು ನಿಮಿಷದಲ್ಲಿ ತಿಳಿ ಹೊಂಬಣ್ಣಕ್ಕೆ ತಿರುಗುತ್ತದೆ. ಎಲ್ಲಾದರೂ ಬಣ್ಣ ಹತ್ತದೆ ಬೆಳ್ಳಗೇ ಉಳಿದರೆ ಅಲ್ಲಿ ಜಿಡ್ಡಿತ್ತು ಎಂದರ್ಥ, ಮತ್ತೆ ಮೊದಲಿನಿಂದ. ಆಮೇಲೆ ಪ್ರೈಮರ್, ಪೇಂಟು. ಮಳೆಗಾಲದ ತೇವದಲ್ಲಿ ಪೇಂಟು ಹಿಡಿಯುವುದಿಲ್ಲ, ಬೆರಳಿಗೆ ಅಂಟುತ್ತಲೇ ಇರುತ್ತದೆ. ಮಡಿಕೇರಿಯಲ್ಲಿ ಜುಲೈನಲ್ಲಿ ಗೇಟಿಗೆ ಬಣ್ಣ ಹೊಡೆಸಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ಹುಕ್ಕಿನ ವಿಷಯ ಬೇರೆ. ಅದು ಬಲವಾದ ಉಕ್ಕು, ಕೆಂಪಗೆ ತುಕ್ಕು ಕಾಣುತ್ತದೆ, ಆಸಿಡ್ ಹಚ್ಚಿ ತೆಗೆಯಬೇಕು ಎನಿಸುತ್ತದೆ. ಹಚ್ಚಬಾರದು. ಆಸಿಡ್ ಉಕ್ಕಿನೊಡನೆ ಸೇರಿದಾಗ ಹುಟ್ಟುವ ಹೈಡ್ರೋಜನ್ ಲೋಹದ ಒಳಗೆ ನುಗ್ಗುತ್ತದೆ. ಸಾಧಾರಣ ಕಬ್ಬಿಣಕ್ಕೆ ಅದರಿಂದ ಅಷ್ಟೇನೂ ಆಗುವುದಿಲ್ಲ. ಇಂಥ ಉಕ್ಕು ಮಾತ್ರ ಗಾಜಿನಂತೆ ಪೆಡಸಾಗಿ, ಹೊರೆ ಬಿದ್ದ ಎಷ್ಟೋ ಹೊತ್ತಿನ ಮೇಲೆ ಸದ್ದಿಲ್ಲದೆ ಸೀಳುತ್ತದೆ. ಪ್ರತಿ ಇಳಿತವನ್ನೂ ಹುಕ್ಕಿನ ಲೆಕ್ಕದಲ್ಲಿ ಬರೆಯುವುದು, ನಿಗದಿಯಾದ ಎಣಿಕೆಗೆ ಬಿಚ್ಚಿ ಬಿರುಕು ಹುಡುಕುವುದು. ಬಣ್ಣದ ಪರೀಕ್ಷೆ ಎಂದರೆ ಚೆನ್ನಾಗಿ ತೊಳೆದು, ಕೆಂಪು ದ್ರವ ಬಳಿದು, ಹತ್ತಿಪ್ಪತ್ತು ನಿಮಿಷ ಬಿಟ್ಟು, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸುವುದು. ಏನೂ ಇಲ್ಲದಿದ್ದರೆ ಬಿಳಿ ಬಿಳಿಯಾಗೇ ಇರುತ್ತದೆ. ಬಿರುಕಿದ್ದರೆ ಕೂದಲೆಳೆಯಷ್ಟು ಕೆಂಪು ಗೆರೆ ನೋಡುನೋಡುತ್ತಲೇ ಮೇಲೆ ಬರುತ್ತದೆ. ಒರೆಸುವಾಗ ದ್ರಾವಕವನ್ನು ನೇರ ಸುರಿದರೆ ಬಿರುಕಿನೊಳಗಿನ ಕೆಂಪೂ ತೊಳೆದುಹೋಗಿ ಕೆಟ್ಟ ಹುಕ್ ಪಾಸಾಗುತ್ತದೆ. ಬಟ್ಟೆಯನ್ನು ಒದ್ದೆ ಮಾಡಿ ಒರೆಸಬೇಕು, ಹುಕ್ಕನ್ನು ಒದ್ದೆ ಮಾಡಬಾರದು.

ಹೊಟ್ಟೆಯ ರೇಡಾರ್ ಗುಮ್ಮಟ ಹುಡುಕುವಾಗ ಕೆಳಗಿಳಿಯುತ್ತದೆ, ವಿಮಾನ ಡೆಕ್ಕಿಗೆ ಇಳಿಯುವ ಮುಂಚೆ ಒಳಗೆ ಸೇರಲೇಬೇಕು. ಹಾಗಾಗಿ ಅದರ ಲಾಕು, ಸೂಚನೆಯ ದೀಪ ಎರಡನ್ನೂ ಬೇರೆ ಬೇರೆಯಾಗಿ ನೋಡುತ್ತೇವೆ. ದೀಪ ಹತ್ತಿದೆ ಎಂದರೆ ಲಾಕು ಬಿದ್ದಿದೆ ಎಂದಲ್ಲ, ಸ್ವಿಚ್ಚು ಒತ್ತಿದೆ ಎಂದು ಮಾತ್ರ. ರೇಡಾರ್ ಪೆಟ್ಟಿಗೆಗಳ ಬಳಿ ಸಿಲಿಕಾ ಜೆಲ್ ಕಾಳು ಇರುತ್ತದೆ. ನೀಲಿ ಇದ್ದರೆ ಒಣ, ಗುಲಾಬಿಗೆ ತಿರುಗಿದರೆ ನೀರು ಕುಡಿದಿದೆ, ಒಲೆಯಲ್ಲಿ ಬಿಸಿಮಾಡಿ ಮತ್ತೆ ನೀಲಿ ಮಾಡಬೇಕು.

ಚಕ್ರಗಳು ಮಡಚಿ ಸೇರುವ ರೆಕ್ಕೆಗೂಡುಗಳ ಮುಂಭಾಗದಲ್ಲಿ ಸೋನೋಬಾಯ್‌ಗಳು ಕೂರುತ್ತವೆ. ವಿಮಾನ ಅವನ್ನು ಉದುರಿಸುತ್ತದೆ, ಅವು ತೇಲುತ್ತಾ, ನೀರಿನೊಳಗೆ ಒಂದು ಮೈಕು ಇಳಿಬಿಟ್ಟು, ಸಬ್‌ಮೆರೀನಿನ ಸದ್ದನ್ನು ರೇಡಿಯೋದಲ್ಲಿ ಮೇಲಕ್ಕೆ ಹೇಳುತ್ತವೆ. ಇವಕ್ಕೆ ಸಾಮಾನ್ಯವಾಗಿ ಸಮುದ್ರದ ನೀರೇ ಬ್ಯಾಟರಿ ಎಬ್ಬಿಸುತ್ತದೆ. ಒಳಗೆ ಮೆಗ್ನೀಸಿಯಂ ಹಾಳೆ, ಎದುರಿಗೆ ಇನ್ನೊಂದು ತಟ್ಟೆ. ಉಪ್ಪುನೀರು ತುಂಬಿದ ಕೂಡಲೇ ಮೆಗ್ನೀಸಿಯಂ ಕರಗುತ್ತಾ ಕರೆಂಟು ಕೊಡುತ್ತದೆ. ಎಂಜಿನ್ನಿನಲ್ಲಿ, ಬೋಲ್ಟಿನಲ್ಲಿ ನಾವು ಹಗಲೂ ರಾತ್ರಿ ತಡೆಯುವ ಅದೇ ಕ್ರಿಯೆ ಇಲ್ಲಿ ಬೇಕೆಂದೇ ಇಟ್ಟದ್ದು. ನೆಟ್ಟಗೆ ಇಡದಿದ್ದರೆ, ಪೊಟ್ಟಣದ ಸೀಲು ಹರಿದಿದ್ದರೆ, ಹ್ಯಾಂಗರಿನ ತೇವಕ್ಕೇ ಅರ್ಧ ಜೀವ ಹೋಗಿರುತ್ತದೆ. ಸಮುದ್ರಕ್ಕೆ ಬಿದ್ದ ಮೇಲೆ ಮೂಕ. ಕೆಲಸ ಮುಗಿದ ಬಾಯ್ ಶತ್ರುವಿನ ಕೈಗೆ ಸಿಗದಂತೆ ಒಂದು ಕರಗುವ ಬಿರಡೆ ಇರುತ್ತದೆ. ಅದು ಕೆಲವು ಗಂಟೆಯಲ್ಲಿ ಕರಗಿ ನೀರು ತುಂಬಿ ತಾನೇ ಮುಳುಗುತ್ತದೆ.

ಏರುವ ಮುಂಚಿನ ಕೆಲಸ ಚುರುಕಾಗಿ ಸಾಗುತ್ತದೆ. ಭುಜಕ್ಕೆ ಭುಜ ತಾಗಿಸಿ ಸಾಲಾಗಿ ಡೆಕ್ಕಿನುದ್ದ ನಡೆದು ನಟ್ಟು, ತಂತಿಯ ಎಳೆ, ಕಲ್ಲಿನ ಚೂರು ಹೆಕ್ಕುವುದು. ಕಾಫಿ ಕಣದಲ್ಲಿ ಕಲ್ಲು ಆರಿಸುವ ಹಾಗೆಯೇ, ಬೆನ್ನು ಬಗ್ಗಿಸಿಯೇ. ಪ್ರೊಪೆಲ್ಲರಿನ ನಾಲ್ಕು ಅಲಗುಗಳ ಮುಂದಂಚಿನಲ್ಲಿ ಉಗುರು ಎಳೆದು ನೋಡುವುದು, ಉಗುರು ಸಿಕ್ಕಿಕೊಂಡಲ್ಲಿ ಗಾಯ ಇದೆ. ನಯವಾದ ಅರದಿಂದ ಗಾಯವನ್ನು ಅಲಗಿನ ಉದ್ದಕ್ಕೆ ಇಳಿಜಾರು ಮಾಡಬೇಕು, ಅಡ್ಡಕ್ಕೆ ಅರ ಹಾಕಿದರೆ ಬಿರುಕಿಗೆ ಗೆರೆ ಹಾಕಿಕೊಟ್ಟಂತೆ. ಅಲಗುಗಳು ನೆಲದ ಸ್ಥಾನಕ್ಕೆ, ಅಂದರೆ ಗಾಳಿಯನ್ನು ಕಡಿಯದಷ್ಟು ಚಪ್ಪಟೆಗೆ ಬಂದಿವೆಯೇ ನೋಡಬೇಕು. ಬರದಿದ್ದರೆ ಸ್ಟಾರ್ಟ್ ಆಗುವಾಗ ಎಂಜಿನ್ನಿಗೆ ಹೊರೆ ಹೆಚ್ಚಿ ವೇಗ ಏರುವುದಿಲ್ಲ, ಇಂಧನ ಮಾತ್ರ ಉರಿಯುತ್ತದೆ, ತಾಪದ ಮುಳ್ಳು ಜಿಗಿಯುತ್ತದೆ. ಬಲ ಕಡಿಮೆಯಾದ ಬ್ಯಾಟರಿಯೂ, ಹಿಂದಿನಿಂದ ಬೀಸುವ ಗಾಳಿಯೂ ಇದನ್ನೇ ಮಾಡುತ್ತವೆ. ಮುಳ್ಳು ಕೆಂಪು ಗೆರೆ ಮುಟ್ಟುವ ಮುಂಚೆ ಇಂಧನ ಕಡಿಯಬೇಕು. ಇನ್ನೊಂದು ಕ್ಷಣ ನೋಡೋಣ ಎಂದವನು ಟರ್ಬೈನ್ ಕಳೆದುಕೊಳ್ಳುತ್ತಾನೆ.

ಕೆಟಪಲ್ಟಿನ ಬಳಿ ಹಿಂದೆ ಒಂದು ಹಿಡಿಕೆ ವಿಮಾನವನ್ನು ತಡೆದಿರುತ್ತದೆ, ಅದರಲ್ಲಿ ನಿಗದಿತ ಬಲಕ್ಕೆ ಮಾತ್ರ ಮುರಿಯುವ ಒಂದು ತುಂಡು. ಎಂಜಿನ್ ಪೂರ್ತಿ ಎಳೆದರೂ ಅದು ತಡೆಯಬೇಕು, ಹಬೆಯ ಬಲ ಸೇರಿದಾಗಲೇ ಮುರಿಯಬೇಕು. ಬೇರೆ ಜಾತಿಯ ವಿಮಾನದ ತುಂಡು ಹಾಕಿದರೆ ಒಂದೋ ಮುಂಚೆ ಮುರಿದು ವಿಮಾನ ಅರೆವೇಗದಲ್ಲಿ ಡೆಕ್ಕಿನಿಂದ ಜಾರುತ್ತದೆ, ಇಲ್ಲವೋ ಮುರಿಯದೆ ಬಾಲದ ಚೌಕಟ್ಟಿಗೇ ಏಟು. ವಿಮಾನದ ತೂಕವನ್ನು ಹಲಗೆಯಲ್ಲಿ ಬರೆದು ಪೈಲಟ್‌ಗೂ ಕೆಟಪಲ್ಟಿನವರಿಗೂ ತೋರಿಸಬೇಕು. ಹಬೆಯ ಒತ್ತಡ ಅದಕ್ಕೆ ಹೊಂದಬೇಕು, ಎದುರುಗಾಳಿಯ ಲೆಕ್ಕವೂ ಸೇರಬೇಕು. 1971ರ ಯುದ್ಧದಲ್ಲಿ ವಿಕ್ರಾಂತದ ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಕೆಟ್ಟಿತ್ತು, ಹಡಗಿನ ವೇಗ ತಗ್ಗಿತ್ತು. ಹಡಗು ಓಡಿ ಹುಟ್ಟಿಸಬೇಕಾದ ಗಾಳಿ ಕಡಿಮೆಯಾದರೆ ವಿಮಾನ ಹೊರುವ ತೂಕಕ್ಕೂ ಕತ್ತರಿ ಬೀಳುತ್ತದೆ. ಅಂಥ ಹಡಗಿನಿಂದಲೇ ಅಲಿಝೆಗಳು ಬಂಗಾಳ ಕೊಲ್ಲಿಯಲ್ಲಿ ರಾತ್ರಿ ಬಾಂಬು ಹಾಕಲು ಹೋದವು. ಹೊರೆ ಇಳಿಸಿ ಏರಿಸುವಾಗ ಎಂಜಿನ್ನಿನ ಟಾರ್ಕ್ ಸ್ವಲ್ಪವೂ ಕಡಿಮೆಯಾಗುವಂತಿಲ್ಲ. ತೊಳೆಯುವ ನೀರು ಅಲ್ಲಿ ಲೆಕ್ಕಕ್ಕೆ ಬರುತ್ತದೆ.

ವಯಸ್ಸಾದ ವಿಮಾನಕ್ಕೆ ಬಿಡಿಭಾಗ ಸಿಗದಾದಾಗ ಒಂದರಿಂದ ಕಿತ್ತು ಇನ್ನೊಂದಕ್ಕೆ ಹಾಕುವುದು ಶುರುವಾಗುತ್ತದೆ. ನಾಚಿಕೆಯ ಕೆಲಸವಲ್ಲ, ಆದರೆ ಬರೆಯದೆ ಮಾಡಿದರೆ ಅಪಾಯ. ಭಾಗದ ಜೊತೆ ಅದು ಓಡಿದ ಗಂಟೆಗಳೂ ಹೋಗುತ್ತವೆ, ಎರಡು ವಿಮಾನದ ಪುಸ್ತಕದಲ್ಲೂ ನಮೂದು ಬೇಕು. 1987ರಲ್ಲಿ ಅಲಿಝೆಗಳು ವಿಕ್ರಾಂತದ ಡೆಕ್ಕು ಬಿಟ್ಟು ದಡ ಸೇರಿದವು, 1991ರಲ್ಲಿ ಸೇವೆ ಮುಗಿಯಿತು. ಒಂದು ವಿಮಾನ ಗೋವಾದ ನೌಕಾ ವಿಮಾನ ಸಂಗ್ರಹಾಲಯದಲ್ಲಿ ನೋಡಲು ಸಿಗುತ್ತದೆ.

ಮಡಿಕೇರಿಯ ಸನ್ನಿಸೈಡ್‌ನಲ್ಲಿ ಜನರಲ್ ತಿಮ್ಮಯ್ಯನವರ ಮನೆಯಂಗಳದಲ್ಲಿ ಟ್ಯಾಂಕು, ಯುದ್ಧವಿಮಾನ ನಿಂತಿವೆ. ಅಲ್ಲಿ ಉಪ್ಪಿಲ್ಲ, ಮಳೆ ಇದೆ, ಪಾಚಿ ಇದೆ. ಹೊರಗೆ ನಿಂತ ಯಾವ ವಿಮಾನಕ್ಕಾದರೂ ನಮ್ಮ ಕೆಲಸದಲ್ಲಿ ಅರ್ಧದಷ್ಟು ಹಾಗೇ ಅನ್ವಯಿಸುತ್ತದೆ. ಟೈರಿನ ಮೇಲೆ ಭಾರ ಬಿಡದೆ ಜಾಕಿನ ಮೇಲೆ ನಿಲ್ಲಿಸಬೇಕು. ಕಣಜದ ಹುಳ ಮಣ್ಣಿನ ಗೂಡು ಕಟ್ಟದಂತೆ ಪಿಟೋ ಕೊಳವೆ, ಎಂಜಿನ್ನಿನ ಬಾಯಿ ಮುಚ್ಚಬೇಕು, ಆದರೆ ಒಳಗಿನ ತೇವ ಹೊರಹೋಗಲು ಕೆಳಗೆ ಜಾಗ ಬಿಡಬೇಕು. ಪೇಂಟಿನ ಗುಳ್ಳೆಯನ್ನು ಹೊಸ ಪೇಂಟಿನಿಂದ ಮುಚ್ಚಬಾರದು. ಜೂನ್ ಮೊದಲ ಮಳೆಗೆ ಮುಂಚೆ ಒಂದು ಸಲ, ಮಳೆಯ ನಡುವೆ ಬಿಸಿಲು ಬಿದ್ದ ದಿನ ಇನ್ನೊಂದು ಸಲ, ಹೊಟ್ಟೆಯ ಕೆಳಗೆ ಮಲಗಿ ಪ್ರತಿ ಸಣ್ಣ ರಂಧ್ರಕ್ಕೂ ಕಡ್ಡಿ ತೂರಿಸಿ ನೋಡಬೇಕು. ತೂರಿಸಿದ ಕೂಡಲೇ ಮುಖಕ್ಕೆ ಕಂದು ನೀರು ಬಿದ್ದರೆ, ಆ ರಂಧ್ರವನ್ನು ಮೊದಲೇ ನೋಡಬೇಕಿತ್ತು.